ಅನುಮೋದಿಸುವವರಿಲ್ಲದೆ ಬಿದ್ದುಹೋದ ಗೊತ್ತುವಳಿ

ಮಾನ್ಯ ಕೌಂಟಿ ಸಮಿತಿಯ ಅಧ್ಯಕ್ಷರೇ,

ಈ ಸಲ ವಾರ್ಡುವಾರ್ಡಿನಲ್ಲೂ ನಡೆದ ‘ಕಾಕಸ್’ಗಳಿಗೆ, ಅಂದರೆ ಪಕ್ಷದ ಸದಸ್ಯರ ಸಭೆಗಳಿಗೆ, ಜನ ಬಾರದಿದ್ದುದಕ್ಕೆ ‘ಮತದಾರರ ನಿರಾಸಕ್ತಿ’ಯೇ ಕಾರಣವೆಂದು ನೀವೇ ತೀರ್ಮಾನಿಸಿಕೊಂಡು, ಅದನ್ನು ದೃಢಪಡಿಸಿ ಮೂರು ಸಾಲು ಬರೆದು ಕಳುಹಿಸುವಂತೆ ವಾರ್ಡುಗಳ ಅಧ್ಯಕ್ಷರಿಗೆಲ್ಲ ಸುತ್ತೋಲೆ ಹೊರಡಿಸಿದ್ದೀರಿ. ನಾನು ದೃಢಪಡಿಸಲಾರೆ. ಮೂರು ಸಾಲಿನಲ್ಲಿ ಮುಗಿಯುವ ತಪ್ಪೂ ಇದಲ್ಲ. ಇದರಲ್ಲಿ ಒಂದು ಪಾಲು ನಿಮ್ಮದು, ದೊಡ್ಡ ಪಾಲು ನನ್ನದು. ಅದಕ್ಕೇ ಊರಿನ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಾರ್ಡಿನಲ್ಲಿ ಪಕ್ಷದ ನೋಂದಾಯಿತ ಸದಸ್ಯರು ನಾನೂರ ಹನ್ನೆರಡು. ಬಂದವರು ಐವರು, ನನ್ನನ್ನೂ ಸೇರಿಸಿ. ಇಪ್ಪತ್ತೆರಡು ವರ್ಷಗಳ ಅನುಭವದಿಂದ ಏನನ್ನೂ ಕಲಿಯದ ನಾನು, ಅಗ್ನಿಶಾಮಕ ಠಾಣೆಯ ಎರಡೂ ಬಂಡಿಗಳನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ, ಒಳಗೆ ನೂರಿಪ್ಪತ್ತು ಕುರ್ಚಿ ಹಾಕಿಸಿದ್ದೆ. ನಲವತ್ತು ಜನಕ್ಕೆ ಕಾಫಿ ಕಾಯಿಸಿದ್ದೆ. ಆ ಸಂಜೆ ಊರಿನಲ್ಲಿ ಎಲ್ಲಾದರೂ ಬೆಂಕಿ ಬಿದ್ದಿದ್ದರೆ ಕಾಫಿಯಿಂದಲೇ ಆರಿಸಬಹುದಿತ್ತು.

ಬಾರದವರಲ್ಲಿ ಒಬ್ಬಳ ವಿಷಯ ಹೇಳುತ್ತೇನೆ. ನಮ್ಮ ಮನೆಯಿಂದ ಮೂರು ಮನೆಯಾಚೆ ಇರುವ ಜನೆಲ್ ರಾಸ್ಕಮ್ ವೃದ್ಧಾಶ್ರಮದಲ್ಲಿ ದಾದಿ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಅವಳ ಪಾಳಿ. ನಿಮ್ಮ ಸಭೆ ಸೋಮವಾರ ಸಂಜೆ ಏಳಕ್ಕೆ. ಏಳಕ್ಕೆ ಆ ಕೋಣೆಯಲ್ಲಿ ಇಲ್ಲದವರಿಗೆ ಪಕ್ಷದಲ್ಲಿ ಬಾಯಿಲ್ಲ. ಚೀಟಿ ಕಳಿಸುವಂತಿಲ್ಲ, ಫೋನ್ ಮಾಡುವಂತಿಲ್ಲ. ಹನ್ನೊಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಬರಲಾಗಿಲ್ಲ. ಈ ನಿರಾಸಕ್ತ ಮತದಾರಳು ಸಭೆಯ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಮ್ಮ ಬಾಗಿಲು ತಟ್ಟಿ, ಕೈಬರಹದ ಒಂದು ಗೊತ್ತುವಳಿ ಕೊಟ್ಟಳು.

“ಪಾಳಿಯಲ್ಲಿರೋರು ತಮ್ಮ ಅಭಿಪ್ರಾಯ ಬರೆದು ಕಳಿಸ್ಬೋದು ಅಂತ ನಿಯಮ ಮಾಡಿ. ಇಷ್ಟೇ ಇರೋದು ಇದ್ರಲ್ಲಿ. ನಾನೇ ಬಂದು ಓದ್ತಿದ್ದೆ, ಆದ್ರೆ ಬರೋಕಾಗಲ್ಲ ಅಂತ ಹೇಳೋಕೂ ಅಲ್ಲಿಗೇ ಬರ್ಬೇಕಂತಲ್ಲ,” ಎಂದಳು.

“ನಾನಿದೀನಿ, ಬಿಡು,” ಎಂದೆ. ನನ್ನ ಬಾಯಿಂದ ಈವರೆಗೆ ಬಂದ ಮಾತುಗಳಲ್ಲಿ ಅತ್ಯಂತ ಸುಳ್ಳಾದದ್ದು ಅದೇ.

ನಿಮ್ಮ ನಿಯಮಪುಸ್ತಕದ ಪ್ರಕಾರ ಸಭಾಧ್ಯಕ್ಷರು ಗೊತ್ತುವಳಿಯನ್ನು ಸೂಚಿಸುವಂತಿಲ್ಲ, ಅನುಮೋದಿಸುವಂತೆಯೂ ಇಲ್ಲ. ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸದಿದ್ದರೆ ಗೊತ್ತುವಳಿ ಮತಕ್ಕೇ ಹೋಗುವುದಿಲ್ಲ. ಸಭಾಧ್ಯಕ್ಷೆ ನಾನೇ. ಯೋಗ್ಯತೆಯಿಂದಲ್ಲ, ‘ಯಾರು ಅಧ್ಯಕ್ಷತೆ ವಹಿಸುತ್ತೀರಿ’ ಎಂದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ, ನಾನು ಮೊದಲು ತಲೆ ಎತ್ತಿಬಿಡುತ್ತೇನೆ. ಹಾಗಾಗಿ ನಿವೃತ್ತ ಗೋದಾಮು ಮೇಲ್ವಿಚಾರಕ ಡ್ವೇನ್ ಸೀಟ್ಸೆಮಾ ಗೊತ್ತುವಳಿ ಓದಿದ, ಚೆನ್ನಾಗಿಯೇ ಓದಿದ. ಎಲ್ಲರೂ ತಲೆಯಾಡಿಸಿದರು.

“ಯಾರಾದ್ರೂ ಅನುಮೋದಿಸ್ತೀರಾ?” ಎಂದು ಕೇಳಿದೆ.

ಸೂಚಿಸಿದ ಡ್ವೇನ್‌ನನ್ನು ಬಿಟ್ಟರೆ ಉಳಿದವರು ಮೂವರು. ಊಕೆನ್ ದಂಪತಿಯಲ್ಲಿ ಹೆಂಡತಿ, ಗಂಡ ಹೇಳಲಿ ಎಂದು ಕಾದರು. ಗಂಡನಿಗೆ ನನ್ನ ಕಡೆಯ ಕಿವಿ ಕೇಳಿಸುವುದಿಲ್ಲ. ಶಾಲೆಯ ಸಂಗೀತದ ಮೇಷ್ಟರು ಮೊದಲ ಸಲ ಬಂದವರು. ಬಂದ ದಿನವೇ ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡರಂತೆ. ಅಧ್ಯಕ್ಷರೇ, ನೀವೂ ನಮ್ಮ ಐಯೋವಾ ರಾಜ್ಯದವರೇ. ತಟ್ಟೆಯಲ್ಲಿ ಕೊನೆಗೆ ಉಳಿದ ಸಿಹಿ ಬಿಲ್ಲೆಯನ್ನು ನಾವು ಯಾರೂ ಎತ್ತಿಕೊಳ್ಳುವುದಿಲ್ಲ. ಅರ್ಧ ಮಾಡುತ್ತೇವೆ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತೇವೆ, ಕೊನೆಗೆ ಚೂರು ಅಲ್ಲೇ ಒಣಗುತ್ತದೆ. ಇದಕ್ಕೆ ನಾವು ಸಭ್ಯತೆ ಎನ್ನುತ್ತೇವೆ. ಅದೇ ಸಭ್ಯತೆಯಿಂದ ಪೂರ್ತಿ ಒಂದು ನಿಮಿಷ ಜನೆಲ್‌ಳ ಕಾಗದವನ್ನು ಒಣಗಲು ಬಿಟ್ಟೆವು.

“ಹಾಗಾದ್ರೆ ಬಿದ್ದುಹೋಯ್ತು,” ಎಂದು ನಾನೇ ಹೇಳಿ, ನಾನೇ ಅದರ ಮೇಲೆ ಅಡ್ಡಗೆರೆ ಎಳೆದೆ.

ಅಧ್ಯಕ್ಷತೆಯನ್ನು ಒಂದು ಗಳಿಗೆ ಇನ್ನೊಬ್ಬರಿಗೆ ಒಪ್ಪಿಸಿ, ಕೆಳಗೆ ಕೂತು ಅನುಮೋದಿಸಲು ಅದೇ ನಿಯಮಪುಸ್ತಕದಲ್ಲಿ ಅವಕಾಶವಿದೆ. ಅದು ನನಗೆ ಗೊತ್ತಿತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿದವಳೂ ನಾನೇ. ಆದರೆ ಹಾಗೆ ಮಾಡಿದರೆ ಮುಂದೆ ಬಿದ್ದ ಹಾಗಾಗುತ್ತದೆ ಅನ್ನಿಸಿತು.

ಹೊರಗೆ ಹಿಮದಲ್ಲಿ ನಿಂತು ಡ್ವೇನ್ ಕೇಳಿದ: “ಅಲ್ಲ ಮಾರಾಯ್ತಿ, ನಮ್ಮಲ್ಲಿ ಯಾರ್ದಾದ್ರೂ ವಿರೋಧ ಇತ್ತಾ?”

“ಇರ್ಲಿಲ್ಲ.”

“ಮತ್ತೆ ಅದನ್ನ ಸೋಲಿಸಿದ್ದು ಯಾರು?”

ಮರುದಿನ ಬೆಳಿಗ್ಗೆ ಜನೆಲ್ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದಳು. “ಎಷ್ಟು ವೋಟಲ್ಲಿ ಸೋತ್ವಿ?” ಎಂದಳು.

“ವೋಟಿಗೇ ಹೋಗ್ಲಿಲ್ಲ.”

“ಯಾರು ಬೇಡ ಅಂದ್ರು?”

“ಯಾರೂ ಅನ್ಲಿಲ್ಲ. ಎಲ್ರಿಗೂ ಇಷ್ಟ ಆಗಿತ್ತು.”

ಅವಳು ಕೆರೆಯುವುದನ್ನು ನಿಲ್ಲಿಸಿದಳು. “ನಮ್ಮಲ್ಲಿ ತೊಂಬತ್ತು ದಾಟಿದ ಅಜ್ಜಿಯರು ಇದಾರೆ, ಆರ್ಡಿತ್ ಅವ್ರೇ. ಏನಾದ್ರೂ ಬೇಕು ಅಂದ್ರೆ ಗಂಟೆ ಒತ್ತುತ್ತಾರೆ. ನಿಮ್ಗೂ ಒಂದು ತಂದ್ಕೊಡ್ಲಾ?”

ನಕ್ಕೆ. ಅವಳು ನಗಲಿಲ್ಲ.

ಇನ್ನು ನಿಮ್ಮ ಪಾಲು. ಏಳು ಗಂಟೆಯೆಂದು ಯಾಕೆ ಇಟ್ಟಿರಿ? ಹಾಲು ಕರೆದು ಮುಗಿಸಿ ಬರಲು ಅನುಕೂಲವೆಂದು ನಿಮ್ಮ ಹಿಂದಿನವರು ಹೇಳುತ್ತಿದ್ದರು. ನಮ್ಮ ವಾರ್ಡಿನ ಕೊನೆಯ ಹಸು ಮಾರಾಟವಾಗಿ ಕಾಲು ಶತಮಾನವಾಯಿತು. ಈಗ ಇರುವುದು ವೃದ್ಧಾಶ್ರಮ, ಮಾಂಸದ ಕಾರ್ಖಾನೆ, ಎರಡರಲ್ಲೂ ಪಾಳಿ. ಬಾರದ ಹಸುಗಳಿಗಾಗಿ ಹೊತ್ತು ಗೊತ್ತು ಮಾಡಿ, ಬಾರದ ಜನರನ್ನು ನಿರಾಸಕ್ತರೆನ್ನುವುದು ಯಾವ ನ್ಯಾಯ?

ನನ್ನ ಬೇಡಿಕೆ ಇದು. ಮಾರ್ಚಿನ ಶನಿವಾರದ ಕೌಂಟಿ ಸಮಾವೇಶದಲ್ಲಿ ನಮ್ಮ ವಾರ್ಡಿಗೆ ನಾಲ್ಕು ಪ್ರತಿನಿಧಿ ಸ್ಥಾನಗಳಿವೆ. ಊಕೆನ್ ದಂಪತಿ ಆಗ ಅರಿಜೋನಾದ ಬಿಸಿಲಿನಲ್ಲಿರುತ್ತಾರೆ. ಡ್ವೇನ್, ಮೇಷ್ಟರು, ನಾನು ಸೇರಿದರೆ ಮೂವರೇ. ನಾಲ್ಕನೆಯ ಸ್ಥಾನಕ್ಕೆ ಜನೆಲ್ ರಾಸ್ಕಮ್ ಹೆಸರು ಬರೆದಿದ್ದೇನೆ. ಅದನ್ನು ಒಪ್ಪಿಕೊಳ್ಳಿ. ಅವಳ ಕಾಗದವನ್ನು ಊಟಕ್ಕೆ ಮೊದಲೇ ಎತ್ತಿಕೊಳ್ಳಿ, ಎರಡಕ್ಕೆ ಅವಳು ಕೆಲಸದಲ್ಲಿರಬೇಕು. ವಾರ್ಡಿನ ಅಧ್ಯಕ್ಷತೆಗೆ ನಾನು ಇಂದೇ ರಾಜೀನಾಮೆ ಕೊಡುತ್ತಿದ್ದೇನೆ. ಅಂದು ಅವಳ ಪಕ್ಕದಲ್ಲಿ ಸಾಧಾರಣ ಕುರ್ಚಿಯಲ್ಲಿ ಕೂತಿರುತ್ತೇನೆ.

ಅವಳು ಸೂಚಿಸಿದ ಮೇಲೆ, ಅನುಮೋದಿಸುವವರು ಯಾರೆಂದು ನೀವು ಕೇಳುತ್ತೀರಿ. ಕೇಳಿ ಸ್ವಲ್ಪ ಕಾಯಿರಿ. ಎದ್ದು ನಿಲ್ಲಲು ನನಗೆ ಹೊತ್ತು ಹಿಡಿಯುತ್ತದೆ. ಮೊಣಕಾಲು ಚೆನ್ನಾಗಿಯೇ ಇದೆ, ಅಭ್ಯಾಸವಿಲ್ಲ ಅಷ್ಟೆ.

ಇಂತಿ,
ಎಲ್ಲ ನಿಯಮಗಳನ್ನೂ ಪಾಲಿಸಿದ ತಪ್ಪಿತಸ್ಥೆ,
ಆರ್ಡಿತ್ ಫೋಕರ್ಟ್ಸ್
ಎರಡನೇ ವಾರ್ಡಿನ ಮಾಜಿ ಅಧ್ಯಕ್ಷೆ