ಕಲ್ಲಿಗಿಳಿದ ಸೆಲ್ಕ್ ಕುಳಿ

ಜೂನ್ 11, ಬುಧವಾರ

ಮತ್ತೆ ತಪ್ಪು ಬಸ್ಸು. ಬೋರ್ಡು ಕಾಣಲಿಲ್ಲ, ಬಾಣಾವರದ್ದು ಹತ್ತಿಬಿಟ್ಟೆ. ಇಳಿದು, ಆಟೋ ಹಿಡಿದು, ಸ್ಕೂಲಿಗೆ ಲೇಟು. ಹೆಡ್ಮಾಸ್ಟರ್ ಗುರುಮೂರ್ತಿ ಸರ್, "ಏನ್ ಮೇಡಂ, ಈಚೆಗೆ ನಿಮ್ಮ ಗಡಿಯಾರ ಯಾಕೋ ನಿಧಾನ" ಅಂದರು. ನಕ್ಕೆ. ನಗೋದೊಂದು ಚೆನ್ನಾಗಿ ಕಲಿತಿದೀನಿ.

ಹಾಸನದ ಡಾಕ್ಟರ್ ಹೇಳಿ ಇಪ್ಪತ್ತು ದಿನ. ಕಣ್ಣಿನ ರೆಟಿನಾ ಸಾಯ್ತಿದೆ, ಔಷಧಿ ಇಲ್ಲ. ಮನೇಲೂ ಹೇಳಿಲ್ಲ. ಜೈನರ ಮನೆ, ಹೊತ್ತು ಮುಳುಗೋ ಮುಂಚೆ ಊಟ, ಆಮೇಲೆ ಅಡುಗೆಮನೆ ಬಾಗಿಲು ಹಾಕಿದರೆ ಮುಗೀತು. ಕತ್ತಲಲ್ಲಿ ನಾನು ತಡವರಿಸೋದನ್ನ ಯಾರು ನೋಡಬೇಕು? ಇಷ್ಟು ವರ್ಷ ನನಗೇ ಗೊತ್ತಾಗಲಿಲ್ಲ.

ಜುಲೈ 2

ಎಂಟನೇ ಕ್ಲಾಸಿಗೆ ಟೈಟನ್. ಶನಿಯ ಚಂದ್ರ. ಪುಸ್ತಕದಲ್ಲಿಲ್ಲ, ಹದಿನಾರು ವರ್ಷದಿಂದ ನಾನೇ ಸೇರಿಸ್ತೀನಿ. ದಪ್ಪ ಗಾಳಿ, ಕಿತ್ತಳೆ ಮಬ್ಬು, ಮಾಮೂಲಿ ಕ್ಯಾಮೆರಾಗೆ ನೆಲ ಕಾಣಲ್ಲ. ರೇಡಾರ್ ಅಲೆ ಕಳಿಸಿ ತಡಕಬೇಕು. ಹಾಗೆ ತಡಕಿದಾಗ ಕಂಡಿದ್ದು ಸೆಲ್ಕ್ — ಏನೋ ಬಂದು ಗುದ್ದಿ ಆದ ಕುಳಿ, ಎಂಬತ್ತು ಕಿಲೋಮೀಟರ್ ಅಗಲ.

ಅದನ್ನ ಕಲ್ಲಲ್ಲಿ ಮಾಡಿಸಬೇಕು. ಮುಟ್ಟಿ ಮುಟ್ಟಿ ಪಾಠ ಮಾಡೋಕಾದರೆ ಇನ್ನೆರಡು ವರ್ಷ ಹೇಗೋ ತಳ್ಳಬಹುದು, ಯಾರಿಗೂ ಗೊತ್ತಾಗದೆ. ಕೆಲಸ ಬಿಟ್ಟು ಮನೇಲಿ ಕೂರೋಕೆ ನನ್ನ ಕೈಲಾಗಲ್ಲ. ಆಗಲ್ಲ.

ಜುಲೈ 5

ಬೇಲೂರು. ಬಳಪದ ಕಲ್ಲು ಕೆತ್ತೋ ಚಿದಂಬರಾಚಾರ್ರ ಶೆಡ್ಡು. ಸೆಲ್ಕಿನ ರೇಡಾರ್ ಫೋಟೋ ಕೊಟ್ಟೆ. ಮೇಲ್ಭಾಗ ಯಾವುದು ಅಂತ ಕೆಂಪು ಪೆನ್ನಲ್ಲಿ ಬಾಣ ಹಾಕಿದೀನಿ. ಇವರ ಕೈ ಸುಮ್ಮನಿರಲ್ಲ, ಬಿಟ್ಟರೆ ಅಂಚಿಗೆ ಬಳ್ಳಿ ಕೆತ್ತಿಬಿಡ್ತಾರೆ. "ಕ್ರೇಟರ್ ಇದು. ಫೋಟೋದಲ್ಲಿರೋ ಹಾಗೇ ಮಾಡಿ, ಏನೂ ಕೇಳಬೇಡಿ" ಅಂದೆ. ಕೊಂಚ ಜಂಬ ನನ್ನದು.

ಆಗಸ್ಟ್ 9, ಶನಿವಾರ, ಮಧ್ಯಾಹ್ನ 3

ಆಚಾರ್ರ ಶೆಡ್ಡಲ್ಲಿ ಬಟ್ಟೆ ಸರಿಸಿ ಕಲ್ಲಿನ ಮೇಲೆ ಕೈ ಇಟ್ಟೆ. ಗುಡ್ಡ! ನಡುವೆ ಬೋಂಡಾ ಥರ ಉಬ್ಬು, ಸುತ್ತ ಹಳ್ಳ. ತಿಂಗಳು ಕಾಯಿಸಿ ಇದಾ ಅಂತ ಕೂಗಾಡಿಬಿಟ್ಟೆ.

ಆಚಾರ್ರು ಉಳಿ ಕೆಳಗಿಟ್ಟರು. "ಮೇಡಂ, ಶಿಲ್ಪಕ್ಕೆ ಬೆಳಕು ಯಾವತ್ತೂ ಮ್ಯಾಲಿಂದ. ಇದ್ರಲ್ಲಿ ಮ್ಯಾಲೆ ಬೆಳ್ಳಗೈತೆ, ಕೆಳಗೆ ನೆಳ್ಳೈತೆ. ಅಂದ್ರೆ ಉಬ್ಬೇ ಕಣ್ರೀ. ನಮ್ಮಪ್ಪ ಕಲ್ಸಿದ್ದು."

"ಕುಳಿ ಅದು, ಕುಳಿ!"

"ಕ್ರೇಟರ್ ಅಂದ್ರಿ, ಕುಳಿ ಅನ್ಲಿಲ್ಲ. ಕೇಳ್ಬ್ಯಾಡಿ ಅಂದ್ರಿ."

ಫೋಟೋ ತಿರುಗಿಸಿ ಹಿಡಿದರು. "ಅಯ್ಯೋ... ಹಿಂಗಿಡಿದ್ರೆ ಗುಂಡಿನೇ ಆಯ್ತದೆ." ಆಮೇಲೆ ಮೆಲ್ಲಗೆ, "ಬಾಣ ನೀವೇ ಹಾಕಿದ್ದಲ್ವಾ? ಫೋಟೋ ಮೂಲೇಲಿ ಇಂಗ್ಲಿಷ್ ಅಕ್ಷರ ತಲೆಕೆಳಗಿತ್ತು. ಓದಿದೋರು, ಗೊತ್ತಿರ್ತದೆ ಅಂತ ಸುಮ್ಕಾದೆ."

ಯಾವ ಅಕ್ಷರ? ಕಣ್ಣಿಗೆ ಹತ್ತಿರ ಹಿಡಿದೆ. ನನಗೆ ಅಲ್ಲಿ ಬರೀ ಬೂದು.

ಅದೇ ದಿನ, ಸಂಜೆ 5.30

ಊಟ ಸೇರಲಿಲ್ಲ. ಗಂಡ ಶ್ರೀಪಾಲ್ ಕಲ್ಲು ಸವರಿ, "ಯಾವ ಬೆಟ್ಟ ಇದು, ಇಂದ್ರಗಿರಿನೋ ಚಂದ್ರಗಿರಿನೋ?" ಅಂತ ಚುಡಾಯಿಸಿದರು. ನಗು ಬರಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ.

ಆಗಸ್ಟ್ 11, ಸೋಮವಾರ, ಸ್ಟಾಫ್ ರೂಮು

ಬೇರೆ ಮಾಡಿಕೊಡ್ತೀನಿ ಅಂದಿದ್ದರು ಆಚಾರ್ರು. ಬೇಡ ಅಂದು ಇದನ್ನೇ ತಂದೆ. ಎರಡು ದಿನ ಒಂದೇ ಯೋಚನೆ. ಇವತ್ತು ಫೋಟೋ ತಲೆಕೆಳಗಾಯ್ತು, ನಾಳೆ ಲ್ಯಾಬಲ್ಲಿ ಆಸಿಡ್ ಬಾಟಲಿ ಲೇಬಲ್ಲು ತಪ್ಪಿದರೆ? ಪಕ್ಕದಲ್ಲಿ ಮಕ್ಕಳು ನಿಂತಿರ್ತಾರೆ.

ಮುಂದಿನ ಪೀರಿಯಡ್ ಎಂಟನೇ ಕ್ಲಾಸು, ಆಮೇಲೆ ಗುರುಮೂರ್ತಿ ಸರ್ ಹತ್ತಿರ ಹೋಗಿ ಹೇಳಬೇಕು. ಬರೆದು ನೋಡದಿದ್ದರೆ ಬಾಯಿಗೆ ಬರಲ್ಲ.

ಮಕ್ಕಳೇ, ಕಣ್ಣು ಮುಚ್ಚಿ ಈ ಕಲ್ಲು ಮುಟ್ಟಿ. ಇದು ಕುಳಿ ಆಗಬೇಕಿತ್ತು, ಗುಡ್ಡ ಆಗಿದೆ. ಕೆತ್ತಿದವರ ತಪ್ಪಲ್ಲ. ಯಾಕೆ ಹೀಗಾಯ್ತು ಅಂದರೆ, ನಿಮ್ಮ ಮೇಡಂಗೆ —