ಗೇಟಿನಲ್ಲಿ ಅವ್ವನ ಚೀಲ

ಗರುಡಾಚಾರ್‌ಪಾಳ್ಯ
ಗುರುವಾರ, 12 ಜೂನ್ 2025

ಪ್ರೀತಿಯ ಲಕ್ಷ್ಮಿಕಾಂತಣ್ಣಾ,

ಮೊನ್ನೆ ಅವ್ವ ಕೆಲಸ ಮುಗಿಸಿ ಹೊರಬರುವಾಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀನು ಅವಳ ಚೀಲವನ್ನು ನೆಲಕ್ಕೆ ಸುರಿದದ್ದು ತಪ್ಪು. ಇದನ್ನು ಬರೆಯದೆ ಮುಂದಿನ ಸಾಲು ಬರುತ್ತಿರಲಿಲ್ಲ. ಈಗ ಕೇಳುತ್ತೇನೆ: ನಿಂತು ನಿಂತು ಬಾತಿದ್ದ ಕಾಲು ಹೇಗಿದೆ? ಸೆಕ್ಯುರಿಟಿ ಕಂಪನಿಯ ರೂಮಿನಲ್ಲಿ ನಿದ್ದೆಯಾದರೂ ಬರುತ್ತದೆಯೇ?

ನಡೆದದ್ದನ್ನು ಹೇಳಿದವಳು ಅವ್ವ ಕೆಲಸ ಮಾಡುವ ಬ್ಲಾಕಿನಲ್ಲೇ ಅಡುಗೆ ಮಾಡುವ, ನಮ್ಮ ಗುಟ್ಟು ಬಲ್ಲ ಫಹ್ಮಿದಾ. ಮನೆಗೆಲಸದವಳ ಮಗ ಅಲ್ಲೇ ಸೆಕ್ಯುರಿಟಿ ಆಗಿರಬಾರದೆಂಬ ನಿಯಮಕ್ಕೆ ಹೆದರಿ, ಗುರುತಿಲ್ಲದವರಂತೆ ಇರೋಣವೆಂದು ಅವ್ವ, ನೀನು, ನಾನು ಮೂವರೇ ಕೂತು ಒಪ್ಪಿಕೊಂಡಿದ್ದೆವು, ನಿಜ. ಆದರೂ ಸೂಪರ್‌ವೈಸರ್ ನೋಡುತ್ತಿದ್ದಾನೆಂದು "ಏ ಅಮ್ಮಾ, ಚೀಲ ತೆಗಿ, ಹೆಸರೇನು?" ಎಂದು ಹೆತ್ತವಳನ್ನೇ ಕೇಳಿದೆಯಲ್ಲ! ಅವಳು "ಸುಭದ್ರಮ್ಮ ರೀ ಸಾರ್" ಎಂದಳಂತೆ. ಕೆಳಗೆ ಬಿದ್ದ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ನಿನಗೆಂದೇ ಕಟ್ಟಿಕೊಂಡು ಹೋದದ್ದು. ಮರೆಯಲ್ಲಿ ಕೊಡಲು ಅವತ್ತು ಆಗಿರಲಿಲ್ಲ. ಮನೆಯಲ್ಲಿ ಕೇಳಿದರೆ, "ಅವಂದೇನ್ ತಪ್ಪದ? ಪಾಪ, ಸೂಪರ್‌ವೈಸರ್ ಬಾಜೂಕೇ ನಿಂತಿದ್ದ" ಎಂದು ಪಾತ್ರೆ ತಿಕ್ಕಲು ಕೂತಳು.

ಅವಳು ನೆಲ ಒರೆಸುವ ಮನೆಯ ಗೋಡೆಯ ಮೇಲೆ ಮೂರು ದೇಶಗಳ ಹೊತ್ತು ತೋರಿಸುವ ಗಡಿಯಾರಗಳಿವೆ. ಕಂಡೇ ಇರದ ಅಷ್ಟು ದೂರದವರನ್ನು ನಂಬಿ ವ್ಯವಹಾರ ಮಾಡುವವರು, ಬೆಳಿಗ್ಗೆ ಬೀಗದ ಕೈ ಕೊಟ್ಟ ಹೆಂಗಸನ್ನು ಸಂಜೆ ಕಳ್ಳಿಯಂತೆ ತಪಾಸಣೆ ಮಾಡಿಸುತ್ತಾರೆ. ನಾನು ಓದುವ ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಓದಿ ಹೇಳಿದರೆ ಅವ್ವ, "ನಿನ್ನ ಕಾಗದ ಎಲ್ಲಾ ಒಲಿಗಿ ಹಚ್ಚಿದ್ರೂ ಒಂದ್ ರೊಟ್ಟಿ ಬೇಯಂಗಿಲ್ಲ, ಸುಮ್ಕಿರು" ಎನ್ನುತ್ತಾಳೆ. ಮೊದಲಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಈಗ ದಣಿದಿದ್ದೇನೆ ಅಣ್ಣಾ. ನಿನ್ನ ಮೇಲೆ ಸಿಟ್ಟಾಗಲೂ ದಣಿವು. ಆ ಸೂಪರ್‌ವೈಸರನೂ ನಮ್ಮಂತೆ ಬಾಡಿಗೆ ರೂಮಿನವನೇ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಇದನ್ನು ಫಹ್ಮಿದಾಳ ಚೀಲದಲ್ಲಿ ಕಳಿಸುತ್ತಿದ್ದೇನೆ. ಒಳಗೆ ಹೋಗುವಾಗ ಯಾರೂ ಚೀಲ ನೋಡುವುದಿಲ್ಲವಲ್ಲ.

ಹೊಟ್ಟೆಗೆ ಮೋಸ ಮಾಡಿಕೊಳ್ಳಬೇಡ.

ನಿನ್ನ ತಂಗಿ,
ಉಮಾಶ್ರೀ

ತಾ.ಕ.: ಸೋಮವಾರದಿಂದ ಚೀಲ ತೆರೆಯುವುದಿಲ್ಲವೆಂದು ಅಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ತೀರ್ಮಾನಿಸಿದ್ದಾರೆ. ಅವ್ವ ಒಬ್ಬಳೇ ಒಪ್ಪಿಲ್ಲ. "ಗೇಟಿನಾಗ ನಮ್ಮ ಹುಡುಗ ಇರ್ತಾನ. ನಾ ತೆರೀಲಿಲ್ಲಂದ್ರ ಅವನ ನೌಕರಿ ಹೋಗ್ತದ" ಎನ್ನುತ್ತಾಳೆ. "ತೆರೀಬ್ಯಾಡ ಅವ್ವಾ" ಎಂದು ನೀನೇ ಹೇಳಬೇಕು, ನನ್ನ ಮಾತು ಕೇಳುವುದಿಲ್ಲ. ನೌಕರಿ ಹೋದರೂ ಹೋಗಬಹುದು. ನಿನಗೆ ಸುಳ್ಳು ಹೇಳಲಾರೆ. ಅವಳನ್ನು ಕರೆದುಕೊಂಡು ಬರುತ್ತೇನೆ. ಯೂನಿಫಾರ್ಮ್ ಬಿಚ್ಚಿಟ್ಟು ಬಾ. ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣ, ಭಾನುವಾರ ಸಂಜೆ ಐದು ಗಂಟೆ.