ಓದದೆ ಒಪ್ಪಿದ ಫೈಲ್

ಮಾರ್ಚ್ ೧೭, ಮಂಗಳವಾರ

ಎದುರು ಮೇಜಿನಲ್ಲಿ ಕೂತು ತಂತ್ರಾಂಶ ಪರೀಕ್ಷಿಸುವ ಟೆಸ್ಟರಮ್ಮನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ನಾವು ತಂತ್ರಾಂಶ ಮಾಡಿಕೊಡುವ ಆಸ್ಪತ್ರೆಯ ಪಾಸ್‌ವರ್ಡುಗಳು ಸೋರಿದ್ದು ಹೇಗೆಂದು ಇವತ್ತು ಗೊತ್ತಾಯಿತು. ನಮಗೆ ಕೋಡ್ ಬರೆದುಕೊಡುವ ಹೊರಗಿನ ಗುತ್ತಿಗೆದಾರರು ಕಳಿಸಿದ ಫೋಲ್ಡರಿನಲ್ಲಿ ಒಂದು ಸೆಟ್ಟಿಂಗ್ಸ್ ಫೈಲ್ ಇತ್ತು. ಫೋಲ್ಡರ್ ತೆರೆದ ಕೂಡಲೇ ಕಂಪ್ಯೂಟರಿನಲ್ಲಿರುವ ಪಾಸ್‌ವರ್ಡುಗಳನ್ನು ಹೊರಗೆ ಕಳಿಸುವ ಆಜ್ಞೆ ಅದರೊಳಗಿತ್ತು. "ಇದನ್ನು ಬರೆದವರನ್ನು ನಂಬುತ್ತೀರಾ?" ಎಂದು ಕೋಡ್ ತೆರೆಯುವ ಎಡಿಟರ್ ತಂತ್ರಾಂಶ ಕೇಳಿದಾಗ ಟೆಸ್ಟರಮ್ಮ ಹೌದು ಎಂದು ಒತ್ತಿದ್ದಾಳೆ.

"ಕಣ್ಣು ಮನೇಲಿಟ್ಟು ಬಂದಿದ್ರೇನ್ರೀ?" ಎಂದು ಮ್ಯಾನೇಜರ್ ಹಾರಾಡಿದರು.

"ಅದು ದಿನಕ್ಕೆ ಹತ್ತು ಸಲ ಕೇಳುತ್ತೆ ಸಾರ್. ಪರಿಶೀಲನೆ ಆಗಿ ಬಂದಿದ್ದಲ್ವಾ ಅಂತ ಒತ್ತಿದೆ."

"ಪರಿಶೀಲನೆ ಮಾಡಿದ್ದು ಇವರು," ಎಂದು ಮ್ಯಾನೇಜರ್ ನನ್ನತ್ತ ಕೈ ತೋರಿದರು. "ಪೇಪರ್‌ನಲ್ಲಿ ಅಲ್ಪವಿರಾಮ ತಪ್ಪಿದ್ರೂ ಸಂಪಾದಕರಿಗೆ ಪತ್ರ ಬರೆಯೋರು! ಇವರ ಕಣ್ಣು ತಪ್ಪುತ್ತಾ? ಆಮೇಲೆ ನೀವೇ ಎಲ್ಲಿಂದಲೋ ತಂದು ಸೇರಿಸಿದೀರಿ."

ನಾನು ನನ್ನ ಕಂಪ್ಯೂಟರಿನತ್ತ ತಿರುಗಿ ಕೂತೆ. ಪರಿಶೀಲಿಸುವಾಗ ಸೆಟ್ಟಿಂಗ್ಸ್ ಫೈಲುಗಳನ್ನು ತೆರೆಯದೆ ಮುಂದೆ ಹೋಗುವ ಪದ್ಧತಿಯನ್ನು ಈ ಆಫೀಸಿಗೆ ಕಲಿಸಿದವನೇ ನಾನು. "ಅದರಲ್ಲೇನಿರುತ್ತೆ, ಬಣ್ಣ, ಅಕ್ಷರದ ಅಳತೆ" ಎನ್ನುತ್ತಿದ್ದೆ. ಹನ್ನೆರಡು ವರ್ಷಗಳ ಹಿಂದೆ, ಸೇತುವೆಯ ನಕ್ಷೆಗೆ ಓದದೆ ಸಹಿ ಹಾಕಿದ ಎಂಜಿನಿಯರನ ಮೇಲೆ ಪತ್ರಿಕೆಗೆ ಬರೆದು ಎಷ್ಟು ಕೆಂಡ ಕಾರಿದ್ದೆ!

ನಾಳೆ ಹತ್ತು ಗಂಟೆಗೆ ಆಕೆಯನ್ನು ಕೆಲಸದಿಂದ ತೆಗೆಯುತ್ತಾರಂತೆ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ನಿಮ್ಮ ಕೋಪವೆಲ್ಲ ಊರವರ ಮೇಲೆ ಮಾತ್ರಾನಾ?" ಎಂದಳು.

ಮ್ಯಾನೇಜರಿಗೆ ಬರೆದೆ: ಆ ಫೈಲ್ ಮೊದಲಿನಿಂದಲೂ ಇತ್ತು, ನಾನು ತೆರೆದು ನೋಡದೆ ಒಪ್ಪಿದೆ. ಕಳಿಸಿಯೂ ಆಯಿತು. ಆದರೂ ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಈ ಆಫೀಸಿಗೆ ಬಂದ ಮೂರು ವರ್ಷಗಳಲ್ಲಿ ನಾನು ಹೀಗೆ ಒಪ್ಪಿದ ಫೈಲುಗಳು ಇನ್ನೆಷ್ಟೋ. ಒಂದೊಂದಾಗಿ ತೆರೆಯುತ್ತಾ ಬಂದಿದ್ದೇನೆ. ಹನ್ನೊಂದನೆಯದರಲ್ಲೂ ಅಂಥದೇ ಒಂದು ಸಾಲು ಇದ್ದ ಹಾಗಿದೆ, ಇನ್ನೊಮ್ಮೆ ನೋಡಿ ಬರೆಯುತ್ತೇನೆ.